ಎಡೆದೊರೆ ನಾಡಿನ ಬೇಟೆನಾಯಿ: ಸಂಕರದ ಆಯ್ಕೆ ನಡೆದುಬಂದ ದಾರಿ

ಬೇಟೆನಾಯಿಯ ಸಂಕರವೆಂದರೆ ಒಂದೊಂದು ಗುಣಕ್ಕೆ ಹೆಸರಾದ ಎರಡು ವಂಶದ ನಾಯಿಗಳನ್ನು ಕೂಡಿಸಿ, ಒಂದರ ಓಟವನ್ನೂ ಇನ್ನೊಂದರ ಬುದ್ಧಿ ಅಥವಾ ತಾಳಿಕೆಯನ್ನೂ ಒಂದೇ ಮರಿಯಲ್ಲಿ ಪಡೆಯುವ ಪ್ರಯತ್ನ. ಈ ಪ್ರಯತ್ನಕ್ಕೆ ಇಂಗ್ಲೆಂಡಿನಲ್ಲಿ ದೊಡ್ಡ ಸಾಹಿತ್ಯವೇ ಬೆಳೆದಿದೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ, ಶಾಸನಗಳು ಎಡೆದೊರೆ ನಾಡೆಂದು ಕರೆದ ರಾಯಚೂರು ಸೀಮೆಯಲ್ಲಿ ಅದೇ ಕೆಲಸ ಬರಹವಿಲ್ಲದೆ, ಹೊಲದ ಬದುವಿನ ಮೇಲೆ, ಬಾಯಿಂದ ಬಾಯಿಗೆ ಹರಿದ ತಿಳಿವಳಿಕೆಯಿಂದ ನಡೆದುಬಂದಿದೆ. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ನೆಲವನ್ನು ಕಣ್ಣಮುಂದೆ ಇಟ್ಟುಕೊಂಡು ಈ ಆಯ್ಕೆಯ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಯಾವ ನಾಯಿಗೆ ಯಾವ ನಾಯಿಯನ್ನು ಕೂಡಿಸಬೇಕೆಂಬ ಪ್ರಶ್ನೆಗೆ ಉತ್ತರ ನಾಯಿಗಳ ಹೆಸರಿನಲ್ಲಿ ಸಿಗುವುದಿಲ್ಲ, ಓಡಬೇಕಾದ ನೆಲ ಯಾವುದು, ಎದುರಿಗಿರುವ ಪ್ರಾಣಿ ಯಾವುದು, ಕೊನೆಗೆ ನಾಯಿಯಿಂದ ಆಗಬೇಕಾದ ಕೆಲಸ ಯಾವುದು ಎಂಬ ಮೂರು ಸಂಗತಿಗಳು ಇತ್ಯರ್ಥವಾದ ಮೇಲೆಯೇ ತಳಿಯ ಮಾತು ಬರುತ್ತದೆ.

ಇಂಗ್ಲೆಂಡಿನ ಲರ್ಚರ್ ಈ ಮಾತಿಗೆ ಒಳ್ಳೆಯ ಉದಾಹರಣೆ. ಹೊಂಚುಹಾಕುವುದು ಎಂಬ ಅರ್ಥದ ಹಳೆಯ ಕ್ರಿಯಾಪದದಿಂದ ಬಂದ ಈ ಹೆಸರು ತಳಿಯೊಂದನ್ನು ಸೂಚಿಸದೆ ಕಸುಬನ್ನು ಸೂಚಿಸುತ್ತದೆ. ಕಣ್ಣಿಗೆ ಕಂಡ ಪ್ರಾಣಿಯನ್ನು ವೇಗದಿಂದಲೇ ಹಿಡಿಯುವ ನಾಯಿಗಳನ್ನು, ಅಂದರೆ ಗ್ರೇಹೌಂಡ್, ವಿಪೆಟ್, ಸಲೂಕಿ ಮೊದಲಾದವನ್ನು, ದೃಷ್ಟಿಬೇಟೆಯ ನಾಯಿಗಳೆಂದೂ, ನೆಲದ ವಾಸನೆ ಹಿಡಿದು ಹೋಗುವಂಥವನ್ನು ಮೂಸುಬೇಟೆಯ ನಾಯಿಗಳೆಂದೂ ವಿಂಗಡಿಸುವುದು ವಾಡಿಕೆ. ದೃಷ್ಟಿಬೇಟೆಯ ನಾಯಿಗೆ ಕುರಿ ಕಾಯುವ ಕೋಲಿಯನ್ನೋ ಬಿಲದೊಳಗಿನ ಪ್ರಾಣಿಯನ್ನು ಬಿಡದ ಟೆರಿಯರ್ ಅನ್ನೋ ಕೂಡಿಸಿದಾಗ ಹುಟ್ಟಿದ್ದು ಲರ್ಚರ್. ಓಟ ಮಾತ್ರ ಬಲ್ಲ ಗ್ರೇಹೌಂಡ್ ಒಡೆಯನ ಸನ್ನೆಗೆ ಕಾಯುವುದಿಲ್ಲ, ಮುಳ್ಳುಬೇಲಿಯಲ್ಲಿ ಚರ್ಮ ಹರಿದುಕೊಳ್ಳುತ್ತದೆ. ಕೋಲಿಯ ಅರ್ಧ ರಕ್ತ ಬೆರೆತರೆ ವೇಗ ಸ್ವಲ್ಪ ಕುಂದಿದರೂ ಮಾತು ಕೇಳುವ, ಸದ್ದಿಲ್ಲದೆ ದುಡಿಯುವ, ರಾತ್ರಿಯೆಲ್ಲ ದಣಿಯದ ನಾಯಿ ಸಿಗುತ್ತದೆ ಎಂಬುದು ಅಲ್ಲಿನ ಬಡ ಬೇಟೆಗಾರರ ಲೆಕ್ಕಾಚಾರವಾಗಿತ್ತು. ಬ್ರಯನ್ ಪ್ಲಮ್ಮರ್ 1979ರಲ್ಲಿ ಪ್ರಕಟಿಸಿದ ಲರ್ಚರ್ ಕುರಿತ ಪುಸ್ತಕದ ಹೊತ್ತಿಗೆ ಈ ಲೆಕ್ಕಾಚಾರ ಒಂದು ವ್ಯವಸ್ಥಿತ ಚರ್ಚೆಯ ರೂಪ ಪಡೆದಿತ್ತು.

ಆ ಚರ್ಚೆಯನ್ನು ಇಲ್ಲಿನ ನೆಲಕ್ಕೆ ತರುವ ಮುನ್ನ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಕನ್ನಡದ ‘ಮೊಲ’ ಎಂಬ ಒಂದೇ ಪದ ಎರಡು ಬೇರೆ ಪ್ರಾಣಿಗಳನ್ನು ಒಳಗೊಂಡುಬಿಡುತ್ತದೆ. ಯುರೋಪಿನ ರ‍್ಯಾಬಿಟ್ ಗುಂಪಾಗಿ ಬಿಲಗಳಲ್ಲಿ ಬದುಕುವ ಪ್ರಾಣಿ. ಮೇಯಲು ಹೊರಬಂದಾಗಲೂ ಬಿಲದಿಂದ ಹೆಚ್ಚು ದೂರ ಹೋಗುವುದಿಲ್ಲ, ಅಪಾಯ ಕಂಡೊಡನೆ ಕೆಲವೇ ಕ್ಷಣಗಳಲ್ಲಿ ಒಳಗೆ ಸೇರಿಬಿಡುತ್ತದೆ. ಆದ್ದರಿಂದ ಅದರ ಬೇಟೆಗೆ ನಿಂತಲ್ಲಿಂದಲೇ ಚಿಮ್ಮುವ, ಗೇಣಿನೊಳಗೆ ಹೊರಳುವ, ಚಿಕ್ಕ ಮೈಯ ನಾಯಿ ಬೇಕು. ವಿಪೆಟ್ ಮತ್ತು ಬೆಡ್ಲಿಂಗ್ಟನ್ ಟೆರಿಯರ್ ಸಂಕರ ಅಲ್ಲಿ ಮೆಚ್ಚುಗೆ ಪಡೆದದ್ದು ಈ ಕಾರಣದಿಂದ. ರಾಯಚೂರು ಸೀಮೆಯ ಹೊಲದಲ್ಲಿರುವುದು ಕಾಡುಮೊಲ, ಶಾಸ್ತ್ರೀಯ ಹೆಸರಿನಲ್ಲಿ ಲೀಪಸ್ ನೈಗ್ರಿಕೋಲಿಸ್, ಅಂದರೆ ಕಪ್ಪು ಕತ್ತಿನ ಮೊಲ. ದಖ್ಖನಿನ ಮೊಲಗಳ ಹೆಗ್ಗತ್ತಿನ ಮೇಲೆ ಕಾಣುವ ಕರಿಯ ಪಟ್ಟಿಯೇ ಈ ಹೆಸರಿಗೆ ಮೂಲ. ಅದು ತಾನಾಗಿ ಬಿಲ ತೋಡುವುದಿಲ್ಲ. ಹಗಲು ಹುಲ್ಲಿನ ಬುಡದಲ್ಲಿ ಮೈಯಳತೆಯ ಹಕ್ಕೆ ಮಾಡಿಕೊಂಡು, ಕಿವಿ ಬೆನ್ನಿಗೊತ್ತಿ ಮಲಗಿರುತ್ತದೆ. ಕಾಲಡಿಗೆ ಬರುವವರೆಗೂ ಅಲುಗಾಡುವುದಿಲ್ಲ. ಎದ್ದರೆ ಮಾತ್ರ ಬಯಲಿಗೆ ಬಯಲನ್ನೇ ಬಳಸಿ ಓಡುತ್ತದೆ, ನಾಯಿ ಇನ್ನೇನು ಬಾಯಿ ಹಾಕಿತು ಎನ್ನುವಷ್ಟರಲ್ಲಿ ಪಕ್ಕಕ್ಕೆ ಮುರಿದು ಬಂದ ದಾರಿಗೇ ತಿರುಗುತ್ತದೆ, ಸೋಲುವ ಹೊತ್ತಿಗೆ ನರಿಯ ಹಳೆಯ ಬಿಲವೊಂದು ಸಿಕ್ಕರೆ ಅದರೊಳಗೆ ನುಗ್ಗುವುದೂ ಉಂಟು. ಇಂಥ ಪ್ರಾಣಿಯ ಹಿಂದೆ ಓಡಬೇಕಾದ ನಾಯಿಗೆ ಮೊದಲ ಜಿಗಿತಕ್ಕಿಂತ ಮೂರನೆಯ ನಿಮಿಷದ ಉಸಿರು ಮುಖ್ಯ. ಇಂಗ್ಲೆಂಡಿನ ರ‍್ಯಾಬಿಟ್ ಬೇಟೆಯ ಸಂಕರಸೂತ್ರವನ್ನು ಹಾಗೆಯೇ ಎತ್ತಿ ತಂದರೆ ದೇವದುರ್ಗದ ಬಯಲಿನಲ್ಲಿ ಅದು ಕೆಲಸಕ್ಕೆ ಬಾರದು. ಇಂಗ್ಲೆಂಡಿನಲ್ಲಿಯೂ ಬಯಲುಮೊಲದ ಬೆನ್ನು ಹತ್ತುವವರು ಮರಳುಗಾಡಿನ ಸಲೂಕಿಯ ರಕ್ತವನ್ನೇ ಅರಸಿದ್ದರು.

ಕರ್ನಾಟಕದಲ್ಲಿ ಬೇಟೆನಾಯಿಯ ಗೌರವಕ್ಕೆ ಸಿಗುವ ಅತ್ಯಂತ ಗಟ್ಟಿ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂದರ್ಭದ ಈ ಕಲ್ಲು ಕ್ರಿ.ಶ. 949-50ರ ಸುಮಾರಿನದು. ಬೂತುಗನ ಸೇವಕನಾದ ಮಣಲೆರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು; ಆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು; ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು. ಈ ಶಾಸನವನ್ನು ನಾಯಿಪ್ರೀತಿಯ ಕಥೆಯಾಗಿ ಹೇಳುವುದು ರೂಢಿ, ಆದರೆ ತಳಿಚರಿತ್ರೆಯ ದೃಷ್ಟಿಯಿಂದ ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ: ಕಾಳಿಯ ಹೆಸರೂ ಕೆಲಸವೂ ಅಲ್ಲಿ ದಾಖಲಾಗಿವೆ, ಜಾತಿ ದಾಖಲಾಗಿಲ್ಲ. ವೀರನೊಬ್ಬ ಒಡೆಯನ ಬಳಿ ಕೇಳಿ ಪಡೆಯುವಷ್ಟು ಬೆಲೆ ಆ ನಾಯಿಗೆ ಬಂದದ್ದು ಅದು ಮಾಡಿ ತೋರಿಸಿದ ಕೆಲಸದಿಂದ. ಇದಾದ ಸುಮಾರು ಎರಡು ಶತಮಾನಗಳ ಬಳಿಕ, 12ನೆಯ ಶತಮಾನದ ಮೊದಲ ಭಾಗದಲ್ಲಿ, ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ವು ಸಾರಮೇಯ ವಿನೋದವೆಂಬ ಹೆಸರಿನಲ್ಲಿ ನಾಯಿಗಳ ವಿಷಯಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿತು. ರಾಯಚೂರು ಸೀಮೆ ಅಂದು ಅದೇ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದುದರಿಂದ, ಆಸ್ಥಾನದ ಆ ತಿಳಿವಳಿಕೆಗೆ ಕಚ್ಚಾ ಸಾಮಗ್ರಿ ಒದಗಿಸಿದ ಬೇಟೆಯ ಬದುಕಿನಿಂದ ಈ ನಾಡೂ ಹೊರತಾಗಿರಲಾರದು. ರಾಘವಾಂಕನ ಹರಿಶ್ಚಂದ್ರ ಕಾವ್ಯದ ಬೇಟೆಯ ಪ್ರಸಂಗವನ್ನು ಓದಿದವರಿಗೆ ಕವಿಗಳೂ ಆ ಬದುಕನ್ನು ಹತ್ತಿರದಿಂದ ಕಂಡಿದ್ದರೆಂಬುದು ತಿಳಿಯುತ್ತದೆ.

ಆಸ್ಥಾನದ ಹೊರಗೆ ಬೇಟೆನಾಯಿಯನ್ನು ಪೀಳಿಗೆಯಿಂದ ಪೀಳಿಗೆಗೆ ಉಳಿಸಿದವರು ಊರ ಜನ. ದೇವದುರ್ಗ, ಮಾನ್ವಿ ಮತ್ತು ಕೃಷ್ಣೆಯಾಚೆಯ ಸುರಪುರದಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಬೇಡ ಅಥವಾ ನಾಯಕ ಸಮುದಾಯ ಒಂದು ಕಾಲಕ್ಕೆ ಔರಂಗಜೇಬನನ್ನೇ 1705ರಲ್ಲಿ ವಾಗಿನಗೇರಿಯ ಕೋಟೆಯ ಮುಂದೆ ತಿಂಗಳುಗಟ್ಟಲೆ ತಡೆದ ಯೋಧರ ಸಮುದಾಯ. ಬೇಟೆ ಅವರಿಗೆ ಆಹಾರವೂ ಯುದ್ಧದ ಅಭ್ಯಾಸವೂ ಆಗಿತ್ತು. ಅಲೆಮಾರಿಗಳಾದ ಹರಣಶಿಕಾರಿಗಳ ಹೆಸರಿನಲ್ಲಿಯೇ ಬೇಟೆಯಿದೆ. ಕುರಿ ಕಾಯುವ ಹಾಲುಮತದವರಿಗೆ ತೋಳವನ್ನು ಹಟ್ಟಿಯಿಂದ ದೂರವಿಡುವ ಗಟ್ಟಿ ನಾಯಿ ಬೇಕಿತ್ತು, ರೈತನಿಗೆ ಶೇಂಗಾ ಮತ್ತು ಕಡಲೆಯ ಹೊಲದಲ್ಲಿ ಹಂದಿ ಹೊಗದಂತೆ ಬೊಗಳುವ ನಾಯಿ ಬೇಕಿತ್ತು. ಒಂದೇ ಊರಿನಲ್ಲಿ ಈ ಮೂರು ನಾಲ್ಕು ಬಗೆಯ ನಾಯಿಗಳು ಬೆಳೆದಾಗ, ಬೆದೆಗೆ ಬಂದ ಹೆಣ್ಣನ್ನು ಕಟ್ಟಿಹಾಕಿ ಕಾಯುವವರು ಕಡಿಮೆಯಿದ್ದ ಕಾಲದಲ್ಲಿ, ಸಂಕರ ಅನಿವಾರ್ಯವಾಗಿ ನಡೆಯುತ್ತಿತ್ತು; ಆಯ್ಕೆ ನಡೆಯುತ್ತಿದ್ದುದು ಮರಿ ಹುಟ್ಟಿದ ಮೇಲೆ. ಓಡದ ಮರಿಗೆ ರೊಟ್ಟಿ ಸಿಗುತ್ತಿರಲಿಲ್ಲ. ಇದು ಕಠೋರವಾದ ಪದ್ಧತಿ, ಆದರೆ ನಾಯಿ ಉಳಿದುಬಂದದ್ದು ಅದರಿಂದಲೇ ಎಂಬುದನ್ನು ಮರೆಯಲಾಗದು.

ಇಂಥ ಬೆರಕೆ ನಾಯಿಗೆ ಆಡುಮಾತು ಕೊಟ್ಟ ಹೆಸರು ‘ಕಂತ್ರಿ’. ‘ಕಂಟ್ರಿ’ ಎಂಬ ಇಂಗ್ಲಿಷ್ ಪದ, ಅಂದರೆ ನಾಡಿನದು ಎಂಬುದು, ಕನ್ನಡಕ್ಕೆ ಬಂದು ಬೈಗುಳವಾದದ್ದು ವಿಷಾದದ ಸಂಗತಿ. ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆಯ ಮೇಲೆ ಬದುಕಿ, ಉಣ್ಣೆಹುಳು ತರುವ ಜ್ವರಗಳನ್ನು ಹಲವು ತಲೆಮಾರು ಎದುರಿಸಿ ಉಳಿದ ನಾಡನಾಯಿಯ ಮೈಯಲ್ಲಿ ದುಡ್ಡು ಕೊಟ್ಟು ಕೊಳ್ಳಲಾಗದ ಸಂಪತ್ತಿದೆ, ಮತ್ತು ಸಂಕರದ ಚರ್ಚೆಯಲ್ಲಿ ಅದನ್ನು ಕೊನೆಯ ಸಾಲಿನಲ್ಲಿ ಕೂರಿಸುವುದು ದೊಡ್ಡ ತಪ್ಪು.

ಉದ್ದ ಮೂತಿಯ, ಆಳವಾದ ಎದೆಗೂಡಿನ, ಹೊಟ್ಟೆ ಒಳಸರಿದ ನಾಯಿ ದಖ್ಖನಿಗೆ ಹೇಗೆ ಬಂತೆಂಬುದರ ಬಗ್ಗೆ ಪ್ರಚಲಿತವಾಗಿರುವ ನಿರೂಪಣೆ, ಪರ್ಷಿಯಾ, ಅರೇಬಿಯಾ ಮತ್ತು ಅಫ್ಘಾನಿಸ್ತಾನಗಳಿಂದ ವ್ಯಾಪಾರಿಗಳು ಹಾಗೂ ಸೈನಿಕರ ತಂಡಗಳೊಡನೆ ಸಲೂಕಿ ಮತ್ತು ತಾಜಿ ಬಗೆಯ ನಾಯಿಗಳು ಬಂದು ಸ್ಥಳೀಯ ನಾಯಿಗಳೊಡನೆ ಬೆರೆತವು ಎಂಬುದು. ಇಂಥ ನಾಯಿಗೆ ಬಂದ ‘ಕಾರವಾನ್’ ಎಂಬ ಹೆಸರು ಆ ಪಯಣದ ತಂಡಗಳನ್ನು ನೆನಪಿಸುತ್ತದೆ. ಕಿವಿ ಮತ್ತು ಬಾಲದ ಮೇಲೆ ರೇಷ್ಮೆಯಂಥ ಕೂದಲಿರುವ ‘ಪಶ್ಮಿ’ಯ ಹೆಸರಿನಲ್ಲಿ ಉಣ್ಣೆ ಎಂಬ ಅರ್ಥದ ಪರ್ಷಿಯನ್ ಪದವಿದೆ. ಬಹಮನಿ ಮತ್ತು ವಿಜಯನಗರಗಳು ಎರಡು ಶತಮಾನ ಬಡಿದಾಡಿದ್ದು ಎರಡು ನದಿಗಳ ನಡುವಣ ಇದೇ ಸೀಮೆಗಾಗಿ. ಆ ಕಾಳಗಗಳಿಗೆ ಕುದುರೆಗಳು ಸಮುದ್ರ ದಾಟಿ ಬಂದ ದಾರಿಯಲ್ಲಿ ನಾಯಿಗಳೂ ಬಂದಿರುವುದು ಸಹಜವೇ.

ಉದ್ದೇಶಪೂರ್ವಕ ಸಂಕರದ ಭಾರತೀಯ ಪ್ರಯೋಗವೆಂದು ಮೊದಲಿಗೆ ಹೆಸರಿಸಬೇಕಾದದ್ದು ಉತ್ತರದ ರಾಂಪುರ ಹೌಂಡ್. 19ನೆಯ ಶತಮಾನದ ಮೊದಲ ಭಾಗದಲ್ಲಿ ರಾಂಪುರದ ನವಾಬ ಅಹಮದ್ ಅಲಿ ಖಾನನು ಗಡುಸಾದ, ಆದರೆ ಹಿಡಿತಕ್ಕೆ ಸಿಗದ ತಾಜಿಗೆ ಇಂಗ್ಲಿಷ್ ಗ್ರೇಹೌಂಡ್ ಕೂಡಿಸಿ ನರಿಬೇಟೆಗೆ ಒದಗುವ ನಾಯಿಯನ್ನು ಪಡೆದನೆಂದು ಹೇಳಲಾಗುತ್ತದೆ. ಮುಧೋಳ ಸಂಸ್ಥಾನದ ಪ್ರಯೋಗ ಇದಕ್ಕಿಂತ ಬೇರೆಯದು. 20ನೆಯ ಶತಮಾನದ ಆರಂಭದಲ್ಲಿ ಆ ಸಂಸ್ಥಾನವನ್ನು ಆಳುತ್ತಿದ್ದ ಮಾಲೋಜಿರಾವ್ ಘೋರ್ಪಡೆ ಅವರು ಬೇಟೆಯ ಸಮುದಾಯಗಳ ಬಳಿಯಿದ್ದ ನಾಯಿಗಳನ್ನೇ ಆರಿಸಿ, ಹೊರಗಿನದನ್ನು ಬೆರೆಸುವುದಕ್ಕಿಂತ ಇದ್ದುದರೊಳಗೆ ಉತ್ತಮವಾದುದನ್ನು ಉತ್ತಮವಾದುದರೊಡನೆ ಕೂಡಿಸಿ ವಂಶವನ್ನು ಸ್ಥಿರಗೊಳಿಸಿದರು. ಅವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಉಡುಗೊರೆಯಾಗಿ ಕೊಟ್ಟ ಮೇಲೆ ಮುಧೋಳದ ಹೌಂಡ್ ಎಂಬ ಹೆಸರು ನಿಂತಿತು. ಒಂದು ಸಂಕರದ ದಾರಿ, ಇನ್ನೊಂದು ಆಯ್ಕೆಯ ದಾರಿ. ರಾಯಚೂರಿನ ಸಾಕಣೆದಾರರ ಮುಂದೆ ಇಂದಿಗೂ ಇರುವುದು ಈ ಎರಡು ದಾರಿಗಳೇ.

ಸ್ವಾತಂತ್ರ್ಯಾನಂತರದ ಬರಹಗಳಲ್ಲಿ ಡಬ್ಲ್ಯು. ವಿ. ಸೋಮನ್ ಅವರ 1963ರ ‘ದಿ ಇಂಡಿಯನ್ ಡಾಗ್’ ಮತ್ತು ಎಸ್. ಥಿಯೊಡೋರ್ ಭಾಸ್ಕರನ್ ಅವರ 2017ರ ‘ದಿ ಬುಕ್ ಆಫ್ ಇಂಡಿಯನ್ ಡಾಗ್ಸ್’ ದೇಶೀ ನಾಯಿಗಳ ಬಗ್ಗೆ ಓದಲೇಬೇಕಾದ ಕೃತಿಗಳು. ಆದರೆ ಈ ಅವಧಿಯಲ್ಲಿ ತಳಿಯ ಚರ್ಚೆಯನ್ನು ಹೆಚ್ಚಾಗಿ ನಡೆಸಿದ್ದು ಪ್ರದರ್ಶನಗಳ ಜಗತ್ತು. ಕೆನಲ್ ಕ್ಲಬ್ ಆಫ್ ಇಂಡಿಯಾ ಕಾರವಾನ್ ಹೌಂಡ್ ಎಂಬ ಹೆಸರನ್ನೂ ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎಂಬ ಹೆಸರನ್ನೂ ಬಳಸುತ್ತವೆ. ಪ್ರದರ್ಶನದ ಕಣದಲ್ಲಿ ಎತ್ತರ, ಬಣ್ಣ, ಕಿವಿಯ ನಿಲುವು, ನಡಿಗೆ ಇವು ಅಳತೆಗೆ ಸಿಗುತ್ತವೆ. ಮೂರನೆಯ ನಿಮಿಷದ ಉಸಿರು ಸಿಗುವುದಿಲ್ಲ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಬೀದರ್, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ನಡೆಸತೊಡಗಿದ ಮೇಲೆ ಈ ಕೊರತೆ ಸ್ವಲ್ಪಮಟ್ಟಿಗೆ ತುಂಬಿತು. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳದ್ದೂ ಒಂದಾಗಿತ್ತು. 2016ರ ಸುಮಾರಿಗೆ ತಿಮ್ಮಾಪುರದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಮೊದಲಿಗೆ ನೋಂದಾಯಿಸಿದ ನಾಯಿತಳಿಗಳಲ್ಲಿ ರಾಜಪಾಳಯಂ ಮತ್ತು ಚಿಪ್ಪಿಪಾರೈ ಜೊತೆಗೆ ಮುಧೋಳವೂ ಸೇರಿತು.

ಇದೇ ಕಾಲದಲ್ಲಿ ಓಟದ ನಾಯಿಯ ಮೈಯನ್ನು ವಿಜ್ಞಾನ ಹೊಸದಾಗಿ ಓದತೊಡಗಿತು. ಉದ್ದ ತಲೆಯ ನಾಯಿಗಳ ಕಣ್ಣಿನ ಹಿಂಪರದೆಯಲ್ಲಿ ನರಕೋಶಗಳು ಅಡ್ಡಪಟ್ಟಿಯಾಗಿ ದಟ್ಟೈಸಿದ್ದು, ಮೊಂಡು ಮೂತಿಯವುಗಳಲ್ಲಿ ಅವು ನಡುವಿನಲ್ಲಿ ಗುಂಪುಗೂಡಿರುತ್ತವೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2004ರಲ್ಲಿ ತೋರಿಸಿದರು. ದಿಗಂತದುದ್ದಕ್ಕೂ ಒಮ್ಮೆಗೇ ಕಣ್ಣು ಹಾಯಿಸಬಲ್ಲ ಶಕ್ತಿ ತಲೆಯ ಆಕಾರದೊಡನೆ ಹೆಣೆದುಕೊಂಡಿದೆ ಎಂಬುದು ಇದರ ತಾತ್ಪರ್ಯ, ಆದ್ದರಿಂದ ಸಂಕರದಲ್ಲಿ ಮೂತಿ ಗಿಡ್ಡವಾದರೆ ನೋಟವೂ ಬದಲಾಗುತ್ತದೆ. 2007ರಲ್ಲಿ ವಿಪೆಟ್ ನಾಯಿಗಳಲ್ಲಿ ಸ್ನಾಯುಬೆಳವಣಿಗೆಗೆ ಕಡಿವಾಣ ಹಾಕುವ ಮಯೊಸ್ಟಾಟಿನ್ ಜೀನಿನ ದೋಷವೊಂದು ಪತ್ತೆಯಾಯಿತು: ಅದರ ಒಂದು ಪ್ರತಿ ಪಡೆದ ನಾಯಿ ಉಳಿದವಕ್ಕಿಂತ ವೇಗವಾಗಿ ಓಡುತ್ತದೆ, ಎರಡು ಪ್ರತಿ ಪಡೆದದ್ದು ಮೈತುಂಬ ಸ್ನಾಯು ಉಬ್ಬಿ ಓಟಕ್ಕೆ ಹೊರತಾಗುತ್ತದೆ. ಒಳ್ಳೆಯದಕ್ಕೆ ಒಳ್ಳೆಯದನ್ನೇ ಕೂಡಿಸಿದರೂ ಕೆಟ್ಟದ್ದು ಹುಟ್ಟಬಹುದೆಂಬ ಹಳಬರ ಅನುಭವಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಸಿಗಲಾರದು. 2017ರಲ್ಲಿ 161 ತಳಿಗಳ ಜೀನೋಮ್ ಹೋಲಿಸಿದ ಅಧ್ಯಯನವು ಬ್ರಿಟನ್ನಿನ ದೃಷ್ಟಿಬೇಟೆಯ ನಾಯಿಗಳೂ ಮೆಡಿಟರೇನಿಯನ್ ಕಡೆಯವೂ ಬೇರೆ ಬೇರೆ ಗುಂಪಿಗೆ ಸೇರುತ್ತವೆ ಎಂದು ಸೂಚಿಸಿತು. ಹೊರನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುವ ಎರಡು ನಾಯಿಗಳು ರಕ್ತದಲ್ಲಿ ದೂರದವಾಗಿರಬಹುದು.

ಈ ತಿಳಿವಳಿಕೆಯನ್ನೆಲ್ಲ ರಾಯಚೂರಿನ ಮಣ್ಣಿನ ಮೇಲೆ ಇಟ್ಟು ನೋಡಿದಾಗಲೇ ಸಂಕರದ ಪ್ರಶ್ನೆಗೆ ಜೀವ ಬರುತ್ತದೆ. ಇಲ್ಲಿ ಎರಡು ಬಗೆಯ ನೆಲವಿದೆ. ಎರೆಭೂಮಿ ಮಳೆಗಾಲದಲ್ಲಿ ನಾಯಿಯ ಬೆರಳುಗಳ ನಡುವೆ ಅಂಟಿಕೊಂಡು ಉಂಡೆಗಟ್ಟುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಾಯಿಬಿಡುತ್ತದೆ. ನಾಗಾಲೋಟದಲ್ಲಿರುವ ನಾಯಿಯ ಮುಂಗಾಲು ಆ ಬಿರುಕಿಗೆ ಇಳಿದರೆ ಮೂಳೆ ಉಳಿಯುವುದಿಲ್ಲ. ಗ್ರೇಹೌಂಡಿನ ತೆಳ್ಳನೆಯ, ಉದ್ದನೆಯ ಕಾಲಿಗೆ ಈ ಅಪಾಯ ಹೆಚ್ಚು. ದೇವದುರ್ಗದ ಕಡೆಯ ಮಸಾರಿ ಮತ್ತು ಗರಸಿನ ದಿಬ್ಬಗಳು ಪಂಜದ ಮೆತ್ತೆಯನ್ನು ಸವೆಸುತ್ತವೆ. ಇವೆರಡಕ್ಕಿಂತಲೂ ದೊಡ್ಡ ವೈರಿ ಬಳ್ಳಾರಿ ಜಾಲಿ. ಹೊರಗಿನಿಂದ ಬಂದು ಹಳ್ಳದ ದಂಡೆ, ಬೀಳುಹೊಲ, ರಸ್ತೆಯ ಬದಿಯನ್ನೆಲ್ಲ ಆಕ್ರಮಿಸಿದ ಈ ಗಿಡದ ಒಣಮುಳ್ಳು ಮೆತ್ತೆಯ ನಡುವೆ ನೇರವಾಗಿ ಇಳಿದು ಒಳಗೇ ಮುರಿಯುತ್ತದೆ. ಸಂಜೆ ಅಂಗಳದಲ್ಲಿ ಕೂತ ಸಾಕಣೆದಾರ ನಾಯಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಬೆರಳನ್ನು ಅಗಲಿಸಿ ಒತ್ತುತ್ತಾ ಹೋಗುತ್ತಾನೆ. ನಾಯಿ ಎಲ್ಲಿ ಕಾಲೆಳೆದುಕೊಳ್ಳುತ್ತದೆಯೋ ಅಲ್ಲಿ ಪಿನ್ನಿನ ತುದಿಯಿಂದ ಚರ್ಮ ಬಿಡಿಸಿದಾಗ ಕಪ್ಪು ಚುಕ್ಕೆಯಂಥ ಮುಳ್ಳಿನ ಬುಡ ಕಾಣುತ್ತದೆ. ಬೆರಳುಗಳು ಒತ್ತಾಗಿ ಕೂಡಿದ, ಮೆತ್ತೆ ದಪ್ಪವಿರುವ ಪಂಜ ಈ ನೋವಿನಿಂದ ಅರ್ಧದಷ್ಟು ಪಾರಾಗುತ್ತದೆ, ಮತ್ತು ಅಂಥ ಪಂಜ ಸಾಮಾನ್ಯವಾಗಿ ನಾಡನಾಯಿಯ ಕಡೆಯಿಂದ ಬರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಸಾಮಾನ್ಯ. ಬೆವರಿನಿಂದ ಮೈ ತಣಿಸಿಕೊಳ್ಳಲಾರದ ಪ್ರಾಣಿಗೆ ನಾಲಿಗೆಯೊಂದೇ ಆಧಾರವಾದ್ದರಿಂದ, ದಪ್ಪ ಕೂದಲಿನ ಕೋಲಿಯ ರಕ್ತ ಇಂಗ್ಲೆಂಡಿನಲ್ಲಿ ಎಷ್ಟು ಉಪಕಾರಿಯೋ ಇಲ್ಲಿ ಅಷ್ಟೇ ಅಪಾಯಕಾರಿ.

ಹಾಗಾದರೆ ಲಭ್ಯವಿರುವ ಸಂಕರಗಳಲ್ಲಿ ಯಾವುದು ತೂಗುತ್ತದೆ? ಮುಧೋಳಕ್ಕೆ ಗ್ರೇಹೌಂಡ್ ಕೂಡಿಸುವ ಆಸೆ ಎಲ್ಲ ಕಡೆಯೂ ಕಾಣುತ್ತದೆ, ಏಕೆಂದರೆ ಗಂಟೆಗೆ 65-70 ಕಿಲೋಮೀಟರ್ ವೇಗ ಮುಟ್ಟುವ ನಾಯಿ ಬೇರೊಂದಿಲ್ಲ. ಆದರೆ ಗ್ರೇಹೌಂಡ್ ಅರ್ಧ ಕಿಲೋಮೀಟರಿನ ಸಮತಟ್ಟಾದ ಪಂದ್ಯಕ್ಕಾಗಿ ಆರಿಸಲ್ಪಟ್ಟ ನಾಯಿ. ಅದರ ತೆಳು ಚರ್ಮ ಜಾಲಿಗೆ ತಡೆಯದು, ಉಣ್ಣೆಹುಳಿನ ಜ್ವರಕ್ಕೆ ಅದು ಹೊಸಬ, ಕೆಲವು ಅರಿವಳಿಕೆ ಮದ್ದುಗಳು ಅದರ ದೇಹದಲ್ಲಿ ಬೇಗ ಕರಗುವುದಿಲ್ಲ. ಕೋಲಿ ಜಾತಿಯ ಬೆರಕೆಯಲ್ಲಿ ಇನ್ನೊಂದು ಗುಪ್ತ ಅಪಾಯವಿದೆ: ಮೆದುಳಿಗೆ ಮದ್ದು ನುಗ್ಗದಂತೆ ತಡೆಯುವ ಜೀನಿನ ದೋಷ ಕೋಲಿಗಳಲ್ಲಿ ಸಾಮಾನ್ಯವೆಂಬುದು 2001ರಲ್ಲಿ ಗೊತ್ತಾಯಿತು, ಮತ್ತು ಆ ದೋಷವಿರುವ ನಾಯಿಗೆ ಕಜ್ಜಿ, ಉಣ್ಣೆಗೆಂದು ಹಳ್ಳಿಗಳಲ್ಲಿ ಧಾರಾಳವಾಗಿ ಚುಚ್ಚುವ ಐವರ್‌ಮೆಕ್ಟಿನ್ ಪ್ರಾಣಾಂತಿಕವಾಗಬಹುದು. ಮುಧೋಳ ಮತ್ತು ನಾಡನಾಯಿಯ ಸಂಕರ ಈ ಎಲ್ಲ ಲೆಕ್ಕದಲ್ಲಿ ಮುಂದೆ ನಿಲ್ಲುತ್ತದೆ. ಅದರಲ್ಲಿ ಕಳೆದುಕೊಳ್ಳುವುದು ಕೊನೆಯ ಹತ್ತು ಮಾರಿನ ವೇಗ ಮತ್ತು ಮೌನ, ಏಕೆಂದರೆ ನಾಡನಾಯಿ ಓಡುತ್ತಲೇ ಬೊಗಳುತ್ತದೆ; ಗಳಿಸುವುದು ಪಂಜ, ಹೊಟ್ಟೆ, ರೋಗನಿರೋಧಕ ಶಕ್ತಿ, ಕಣ್ಣಿಗೆ ಮರೆಯಾದದ್ದನ್ನು ಮೂಗಿನಿಂದ ಹುಡುಕುವ ಜಾಣತನ.

ಸಂಕರದ ಮೊದಲ ತಲೆಮಾರಿನಲ್ಲಿ ಮರಿಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ, ಎರಡೂ ಕಡೆಗಿಂತ ಚುರುಕಾಗಿಯೂ ಕಾಣುತ್ತವೆ. ಇದನ್ನು ಸಂಕರಹುರುಪು ಎನ್ನಬಹುದು. ತಪ್ಪು ಆಗುವುದು ಇದರ ಮುಂದೆ. ಮೊದಲ ತಲೆಮಾರಿನ ಎರಡು ಒಳ್ಳೆಯ ನಾಯಿಗಳನ್ನು ಒಂದಕ್ಕೊಂದು ಕೂಡಿಸಿದರೆ ಅಜ್ಜ ಅಜ್ಜಿಯರ ಗುಣಗಳೆಲ್ಲ ಬಿಡಿಬಿಡಿಯಾಗಿ ಹಂಚಿಹೋಗಿ, ಒಂದೇ ಸೂಲಿನಲ್ಲಿ ಮುಧೋಳದಂಥದ್ದೂ ಬೀದಿನಾಯಿಯಂಥದ್ದೂ ನಡುವಿನದೂ ಹುಟ್ಟುತ್ತವೆ. ಅದಕ್ಕಾಗಿ ಅನುಭವಿಗಳು ಮೊದಲ ತಲೆಮಾರಿನ ಹೆಣ್ಣನ್ನು ಮತ್ತೆ ಮುಧೋಳದ ಗಂಡಿಗೇ ಕೊಟ್ಟು ಮುಕ್ಕಾಲು ರಕ್ತದ ನಾಯಿಯನ್ನು ಪಡೆಯುತ್ತಾರೆ. ಇದಕ್ಕೆ ವಿರುದ್ಧವಾದ ಅಪಾಯ ಶುದ್ಧತೆಯ ಹೆಸರಿನಲ್ಲಿ ನಡೆಯುವ ಒಳಕೂಡಿಕೆ: ಹೆಸರಾಂತ ಒಂದೇ ಗಂಡನ್ನು ಊರಿನ ಹೆಣ್ಣುಗಳಿಗೆಲ್ಲ ಬಳಸಿ, ಮುಂದಿನ ವರ್ಷ ಅದರ ಮಕ್ಕಳನ್ನೇ ಪರಸ್ಪರ ಕೂಡಿಸಿದರೆ, ಸೂಲಿನ ಗಾತ್ರ ಕುಗ್ಗುತ್ತದೆ, ಮರಿಗಳು ಬದುಕುವುದು ಕಡಿಮೆಯಾಗುತ್ತದೆ.

ಈ ಎಲ್ಲ ಚರ್ಚೆಯ ಬುಡವನ್ನೇ ಬದಲಿಸಿದ್ದು ಕಾನೂನು, ಮತ್ತು ಬದಲಿಸಿದ್ದು ಸರಿಯಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಕ್ಕ ಬೇಟೆಗೆ ಪರವಾನಗಿ ನೀಡುವ ಅವಕಾಶ ಮೊದಲಿಗೆ ಇತ್ತು. 1991ರ ತಿದ್ದುಪಡಿ ಅದನ್ನು ಕೊನೆಗೊಳಿಸಿತು. ಕಾಡುಮೊಲ ಸಂರಕ್ಷಿತ ಪ್ರಾಣಿ. ಕಾಯ್ದೆಯ ಪರಿಭಾಷೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಲು ಹಾಕುವುದು, ಸೋವುವುದು, ನಾಯಿ ಬಿಟ್ಟು ಅಟ್ಟಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಮೊಲ ತಪ್ಪಿಸಿಕೊಂಡಿತೆಂಬುದು ರಕ್ಷಣೆಯಾಗದು. ಯುಗಾದಿಯ ಹೊತ್ತಿಗೆ ಗುಂಪಾಗಿ ಬೇಟೆಗೆ ಹೊರಡುವ ಹಳೆಯ ಪದ್ಧತಿಗೂ ವಿನಾಯಿತಿಯಿಲ್ಲ. ಬ್ರಿಟನ್ನಿನಲ್ಲಿಯೂ 1836ರಿಂದ ನಡೆದುಬಂದಿದ್ದ ಮೊಲದೋಟದ ವಾಟರ್‌ಲೂ ಕಪ್ 2005ರಲ್ಲಿ ಕೊನೆಗೊಂಡಿತು. 2004ರ ಅಲ್ಲಿನ ಕಾಯ್ದೆ ಬಿಲದ ರ‍್ಯಾಬಿಟ್‌ಗೆ ವಿನಾಯಿತಿ ಉಳಿಸಿದ್ದರಿಂದ ಲರ್ಚರ್‌ಗೆ ಕೆಲಸ ಉಳಿಯಿತು. ಅಂಥ ವಿನಾಯಿತಿಯ ಪ್ರಾಣಿ ಇಲ್ಲಿಲ್ಲ. ಕಾನೂನಿಗಿಂತ ಮೊದಲೇ ನೀರು ನೆಲವನ್ನು ಬದಲಿಸಿತ್ತು: ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಜೋಳದ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿತು, ಅನಂತರ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ಬಂತು. ನೀರು ನಿಂತ ಮಡಿಯಲ್ಲಿ ಮೊಲ ಹಕ್ಕೆ ಮಾಡಲಾರದು, ನಾಯಿ ಓಡಲಾರದು.

ಕೆಲಸ ಹೋದ ಮೇಲೂ ನಾಯಿ ಉಳಿದಿದೆ, ಆದರೆ ಆಯ್ಕೆಯ ಕಣ್ಣು ಬದಲಾಗಿದೆ. ರಾಯಚೂರು ನಗರದ ಬಡಾವಣೆಗಳಲ್ಲಿ ಮುಧೋಳದ ಮರಿಯನ್ನು ಕೊಳ್ಳುವವರು ಕೇಳುವುದು ಎತ್ತರ ಮತ್ತು ಬಣ್ಣ. ಹೊಲದ ಮನೆಯವರು ಕೇಳುವುದು ಕಳ್ಳರಿಗೆ ಹೆದರಿಕೆ ಹುಟ್ಟಿಸುವ ಸಿಟ್ಟು. ಸಿಟ್ಟಿಗಾಗಿ ಆರಿಸತೊಡಗಿದರೆ ಮನೆಯ ಮಕ್ಕಳ ಜೊತೆ ಸಾತ್ವಿಕವಾಗಿದ್ದ, ಬೇಟೆಯ ಹೊತ್ತಿನಲ್ಲಿ ಮಾತ್ರ ಬೆಂಕಿಯಾಗುತ್ತಿದ್ದ ಆ ಹಳೆಯ ಸ್ವಭಾವ ಹತ್ತು ತಲೆಮಾರಿನಲ್ಲಿ ಅಳಿದುಹೋಗಬಹುದು, ಮತ್ತು ಒಮ್ಮೆ ಅಳಿದದ್ದನ್ನು ಯಾವ ಪ್ರಯೋಗಶಾಲೆಯೂ ಮರಳಿ ಕೊಡಲಾರದು. ಓಟದ ನಾಯಿಯನ್ನು ಮೂರು ಗಜದ ಸರಪಳಿಗೆ ಕಟ್ಟಿ ಬೆಳೆಸುವುದಂತೂ ಆ ಪ್ರಾಣಿಗೆ ಮಾಡುವ ಅನ್ಯಾಯ.

ಪ್ರಾಣಿಯನ್ನು ಬೆನ್ನಟ್ಟದೆಯೇ ಓಟವನ್ನು ಪರೀಕ್ಷಿಸುವ ದಾರಿ ಬೇರೆ ದೇಶಗಳಲ್ಲಿ ರೂಢಿಯಲ್ಲಿದೆ: ನೆಲದ ಮೇಲೆ ರಾಟೆಗಳನ್ನು ನೆಟ್ಟು, ಅವುಗಳ ಸುತ್ತ ದಾರ ಹಾಯಿಸಿ, ದಾರದ ತುದಿಗೆ ಕಟ್ಟಿದ ಬಿಳಿಯ ಪ್ಲಾಸ್ಟಿಕ್ ಚೀಲವನ್ನು ಮೋಟಾರಿನಿಂದ ಎಳೆದಾಗ, ಚೀಲ ಮೊಲದಂತೆಯೇ ಮುರಿದು ಮುರಿದು ಓಡುತ್ತದೆ, ನಾಯಿ ಅದರ ಬೆನ್ನು ಹತ್ತುತ್ತದೆ. ಕೊಯ್ಲು ಮುಗಿದ ತೊಗರಿಯ ಹೊಲದಲ್ಲಿ, ಕೂಳೆ ಕಿತ್ತು ಬಿರುಕು ನೋಡಿಕೊಂಡು, ಚಳಿಗಾಲದ ಬೆಳಗಿನ ಏಳರೊಳಗೆ ಇದನ್ನು ನಡೆಸಲು ಹೆಚ್ಚಿನ ಖರ್ಚೇನೂ ಬೇಡ. ಪ್ರತಿ ಓಟದ ಜೊತೆ ನಾಯಿಯ ತಂದೆತಾಯಿ, ಓಡಿದ ಕಾಲ, ಉಸಿರು ಸಮಸ್ಥಿತಿಗೆ ಬರಲು ಹಿಡಿದ ನಿಮಿಷ, ಓಟದ ಬಳಿಕ ಪಂಜದ ಸ್ಥಿತಿ, ಕರೆದಾಗ ಮರಳಿತೇ ಇಲ್ಲವೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಈ ತಾಲ್ಲೂಕುಗಳಲ್ಲಿ ಬೇರೂರಿದರೆ ಬಾಯಿಮಾತಿನ ತಿಳಿವಳಿಕೆ ಮೊದಲ ಬಾರಿಗೆ ದಾಖಲೆಯಾಗುತ್ತದೆ. ನಾಯಿಯ ಗರ್ಭ 63 ದಿನ; 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದೆನ್ನುತ್ತವೆ; ಎಲುಬು ಬಲಿಯುವ ಮೊದಲು, ಅಂದರೆ ವರ್ಷದೊಳಗೆ, ಮರಿಯನ್ನು ಪೂರ್ತಿ ಓಡಿಸುವುದು ಅದರ ಕೀಲುಗಳಿಗೆ ಹಾನಿ. ಆದ್ದರಿಂದ ದೀಪಾವಳಿಯ ಹೊತ್ತಿಗೆ ಕೂಡಿಸಿದ ಜೋಡಿಯ ಮರಿಗಳು ಸಂಕ್ರಾಂತಿಯ ಆಸುಪಾಸಿನಲ್ಲಿ ಹುಟ್ಟಿ, ಒಂದು ಬೇಸಿಗೆ, ಒಂದು ಮಳೆಗಾಲ ಕಳೆದು, ಮತ್ತೊಂದು ಸಂಕ್ರಾಂತಿಯ ನಂತರವಷ್ಟೇ ದಾರದ ಹಿಂದೆ ಮೊದಲ ಬಾರಿ ಓಡುತ್ತವೆ. ಆ ಕೂಡಿಕೆ ಸರಿಯಾಗಿತ್ತೇ ಎಂಬುದು ಅವುಗಳ ಎರಡನೆಯ ಚಳಿಗಾಲದ ಪುಟಗಳಲ್ಲಿ ತಿಳಿಯುತ್ತದೆ.